ಬಾಲಿ ದ್ವೀಪದಲ್ಲಿ ಯುಗಾದಿ

ನಮ್ಮ ಕಿರಿಯ ಮಗನು ಸಿಂಗಪುರದಲ್ಲಿ ಉದ್ಯೋಗದಲ್ಲಿರುವನು. ಮೂವತ್ತೈದು ವರ್ಷಗಳ ಕಾಲ ಹೈಸ್ಕೂಲಿನಲ್ಲಿ ಸಂಸ್ಕೃತವನ್ನೂ ಕನ್ನಡವನ್ನೂ ಬೋಧಿಸಿ ನಿವೃತ್ತರಾದ ನಾವು, ಮನೆಯ ಜಗಲಿಯಲ್ಲಿ ಕುಳಿತು ನೆರೆಮನೆಯ ಹುಡುಗರಿಗೆ ಶಬ್ದರೂಪಗಳನ್ನು ಬಾಯಿಪಾಠ ಮಾಡಿಸುತ್ತ ಕಾಲ ಕಳೆಯುತ್ತಿರುವುದನ್ನು ಅವನು ಬಹಳ ದಿನಗಳಿಂದ ಸೈರಿಸಿಕೊಂಡಿದ್ದನು. ೨೦೨೩ನೆಯ ಇಸವಿಯ ಸಂಕ್ರಾಂತಿ ಕಳೆದ ಬಳಿಕ ಒಂದು ದಿನ ಅವನಿಂದ ದೂರವಾಣಿ ಬಂದಿತು. “ಅಪ್ಪಾ, ಮಾರ್ಚಿ ತಿಂಗಳಲ್ಲಿ ನನಗೆ ಹತ್ತು ದಿನ ರಜೆ. ನೀವೂ ಅಮ್ಮನೂ ಬನ್ನಿ, ಬಾಲಿ ದ್ವೀಪಕ್ಕೆ ಹೋಗಿ ಬರೋಣ. ಸಮುದ್ರ ನೋಡುವುದಕ್ಕಲ್ಲ, ನಿಮಗೆ ಅಲ್ಲಿ ನೋಡಬೇಕಾದ್ದು ಬೇರೆ ಇದೆ” ಎಂದನು.

ಟಿಕೀಟು ತೆಗೆದ ಮೇಲೆ ನಾವು ಪಂಚಾಂಗವನ್ನು ತೆರೆದೆವು. ತೆರೆದು ನೋಡಿದ ಮೇಲೆ ಟಿಕೀಟು ತೆಗೆಯುವುದು ಕ್ರಮವೆಂಬುದನ್ನು ಬಲ್ಲೆವು. ಆದರೆ ಈ ಕಾಲದ ಮಕ್ಕಳ ವೇಗದಲ್ಲಿ ಕ್ರಮಕ್ಕೆ ಎಡೆಯಿಲ್ಲ. ಮಾರ್ಚಿ ೨೨ನೆಯ ಬುಧವಾರ ಶೋಭಕೃತ್ ಸಂವತ್ಸರದ ಯುಗಾದಿ! ನಾವು ಹೊರಡುವುದು ೧೩ಕ್ಕೆ, ಹಿಂದಿರುಗುವುದು ೨೪ಕ್ಕೆ. ನಮ್ಮ ಮನೆಯವರು ಒಂದು ಗಳಿಗೆ ಸುಮ್ಮನಿದ್ದು, “ಹಬ್ಬ ಎಲ್ಲಿ ಹೋದರೂ ಹಿಂದೆಯೇ ಬರುತ್ತದೆ. ಒಂದು ಹಿಡಿ ಬೇವಿನ ಹೂವು, ಒಂದು ಅಚ್ಚು ಬೆಲ್ಲ, ಒಂದು ಹಣತೆ, ಬತ್ತಿ, ಎಣ್ಣೆ. ಇಷ್ಟಿದ್ದರೆ ಸಾಕು” ಎಂದು ಆಗಲೇ ಗಂಟು ಕಟ್ಟಲು ಕುಳಿತರು. (ಬೇವು ಬಾಲಿಯಲ್ಲಿಯೂ ಬೆಳೆಯುವುದು, ಅಲ್ಲಿ ಅದಕ್ಕೆ ಇಂತರಾನ್ ಎಂದು ಹೆಸರು. ಇದು ನಮಗೆ ತಿಳಿದುದು ಹಿಂದಿರುಗುವ ದಿನ.) ಆ ಗಂಟಿನಲ್ಲಿದ್ದ ವಸ್ತುಗಳಲ್ಲಿ ಹಣತೆಯೊಂದೇ ನಮ್ಮನ್ನು ಸಂಕಟಕ್ಕೆ ಗುರಿಮಾಡುವುದೆಂದು ಆಗ ಯಾರಿಗೆ ಗೊತ್ತಿತ್ತು?

ಸಿಂಗಪುರದಿಂದ ಎರಡೂವರೆ ಗಂಟೆಯ ವಿಮಾನಯಾನ. ಭೂಮಧ್ಯರೇಖೆಗೆ ಎಂಟು ಅಂಶ ದಕ್ಷಿಣದಲ್ಲಿ, ಇಂಡೊನೇಷಿಯಾದ ಸಾವಿರಾರು ದ್ವೀಪಗಳ ಸಾಲಿನಲ್ಲಿ ಜಾವಾದ ಮಗ್ಗುಲಲ್ಲಿರುವ ಈ ದ್ವೀಪದ ವಿಸ್ತಾರವು ಐದು ಸಾವಿರದ ಎಂಟುನೂರು ಚದರ ಕಿಲೋಮೀಟರುಗಳಿಗೆ ಸ್ವಲ್ಪ ಕಡಿಮೆ; ಜನಸಂಖ್ಯೆಯು ೨೦೨೦ರ ಗಣತಿಯಂತೆ ಸುಮಾರು ನಲವತ್ತಮೂರು ಲಕ್ಷ. ಅವರಲ್ಲಿ ಬಹುಮಂದಿ ಹಿಂದೂಗಳು. ಪೂರ್ವಭಾಗದಲ್ಲಿ ಆಗುಂಗ್ ಎಂಬ ಅಗ್ನಿಪರ್ವತ, ಇಳಿಜಾರಿನಲ್ಲೆಲ್ಲ ಮೆಟ್ಟಿಲು ಮೆಟ್ಟಿಲಾದ ಬತ್ತದ ಗದ್ದೆಗಳು, ತೆಂಗು, ಬಾಳೆ, ಬಿದಿರು. ನೋಡಿದೊಡನೆ ನಮ್ಮ ಮನೆಯವರು “ಇದಕ್ಕೆ ಇಷ್ಟು ದೂರ ಬರಬೇಕೆ? ಶೃಂಗೇರಿಯ ದಾರಿಯಲ್ಲಿಯೇ ಇಳಿಯಬಹುದಾಗಿತ್ತು” ಎಂದರು. ಉಬುದ್ ಎಂಬ ಪಟ್ಟಣಕ್ಕೆ ಒಂದು ಹರದಾರಿ ದೂರದ ಹಳ್ಳಿಯಲ್ಲಿ, ಅತಿಥಿಗಳಿಗೆ ಎರಡು ಕೊಠಡಿಗಳನ್ನು ಬಿಟ್ಟುಕೊಡುವ ಒಂದು ಮನೆಯಲ್ಲಿ ನಾವು ಇಳಿದುಕೊಂಡೆವು. ಮನೆಗೆ ಹಿರಿಯಳು ಒಬ್ಬ ಅಜ್ಜಿ. ಆಕೆಗೆ ಬಾಲಿಯ ಭಾಷೆಯ ಹೊರತು ಬೇರೆ ಬಾರದು. ಮೊಮ್ಮಗನಿಗೆ ಇಂಗ್ಲಿಷು ಚೆನ್ನಾಗಿ ಬರುವುದು. ಅವನು ತಾಯಿಗೆ ನಾಲ್ಕನೆಯ ಮಗ. ಅಲ್ಲಿ ಮಗುವಿನ ಹೆಸರಿನಲ್ಲಿಯೇ ಹುಟ್ಟಿದ ಕ್ರಮವು ಅಡಗಿರುವುದು: ಮೊದಲನೆಯದು ವಾಯಾನ್, ಎರಡನೆಯದು ಮದೇ, ಮೂರನೆಯದು ಞೋಮಾನ್, ನಾಲ್ಕನೆಯದು ಕೆತುತ್. ಐದನೆಯ ಮಗು ಹುಟ್ಟಿದರೆ ಮತ್ತೆ ವಾಯಾನ್‌ನಿಂದ ಆರಂಭ. ಮದೇ ಎಂಬುದು ನಮ್ಮ ‘ಮಧ್ಯ’ವೇ.

ಈ ಶಬ್ದಗಳ ವಿಷಯದಲ್ಲಿ ವಾಚಕರು ನಮ್ಮನ್ನು ಕ್ಷಮಿಸಬೇಕು. ಜೀವಮಾನವೆಲ್ಲ ಧಾತುಪ್ರತ್ಯಯಗಳನ್ನು ಬಿಡಿಸುತ್ತ ಕುಳಿತವನಿಗೆ ಬಾಲಿ ದ್ವೀಪವು ಒಂದು ವ್ಯಸನವಾಗುವುದು. ವಾರಗಳ ಹೆಸರನ್ನು ಕೇಳಿರಿ: ರೆದಿತೆ, ಸೋಮ, ಅಂಗ್ಗಾರ, ಬುದ, ವ್ರಸ್ಪತಿ, ಸುಕ್ರ, ಸನಿಸ್ಚರ. ಆದಿತ್ಯನಿಂದ ಶನೈಶ್ಚರನವರೆಗೆ ಒಬ್ಬರೂ ತಪ್ಪಿಸಿಕೊಂಡಿಲ್ಲ. ಒಬ್ಬರನ್ನೊಬ್ಬರು ಕಂಡಾಗ ಕೈಮುಗಿದು “ಓಂ ಸ್ವಸ್ತ್ಯಸ್ತು” ಎನ್ನುವರು. ವಿಭಕ್ತಿಗಳು ಸಮುದ್ರವನ್ನು ದಾಟುವಾಗ ಕಳಚಿಬಿದ್ದಿವೆ. ಪದಗಳು ಮಾತ್ರ ಈಜಿ ದಡ ಸೇರಿವೆ. ೧೯೨೭ರಲ್ಲಿ ರವೀಂದ್ರನಾಥ ಠಾಕೂರರು ಈ ದ್ವೀಪಕ್ಕೆ ಬಂದಾಗ ಭಾಷಾಶಾಸ್ತ್ರಜ್ಞರಾದ ಸುನೀತಿಕುಮಾರ ಚಟರ್ಜಿಯವರು ಸಂಗಡ ಇದ್ದರು. ಅವರಿಗೆ ಆಗಿದ್ದಿರಬಹುದಾದ ಸಂತೋಷವನ್ನು ನಾವು ನಮ್ಮ ಅಲ್ಪ ಮಟ್ಟಿಗೆ ಊಹಿಸಿಕೊಂಡೆವು. ಅಲ್ಲಿಯ ಪುರೋಹಿತರಾದ ಪೆದಂಡರು ಪಠಿಸುವ ಸಂಸ್ಕೃತ ಪಾಠಗಳನ್ನು ಸಿಲ್ವಾಂ ಲೆವಿ ಎಂಬ ಫ್ರೆಂಚ್ ಪಂಡಿತರು ಸಂಗ್ರಹಿಸಿದರು. ಅವು ೧೯೩೩ರಲ್ಲಿ ಬಡೋದೆಯ ಗಾಯಕವಾಡ ಗ್ರಂಥಮಾಲೆಯಲ್ಲಿ ಅಚ್ಚಾದವು.

ಮುಂಜಾನೆ ಎದ್ದು ಹೊರಗೆ ಬಂದರೆ ಅಜ್ಜಿಯು ತೆಂಗಿನ ಎಳೆಗರಿಯಿಂದ ಅಂಗೈಯಗಲದ ತಟ್ಟೆಗಳನ್ನು ಹೆಣೆದು, ಅವುಗಳಲ್ಲಿ ಹೂವಿಟ್ಟು, ಮನೆಯ ಗುಡಿಗಳ ಮುಂದೆ, ಹೊಸ್ತಿಲಲ್ಲಿ, ಬೀದಿಯ ಅಂಚಿನಲ್ಲಿ ಇರಿಸುತ್ತಿದ್ದಳು. ಇದಕ್ಕೆ ಚನಂಗ್ ಸಾರಿ ಎಂದು ಹೆಸರು. ಪೂರ್ವಕ್ಕೆ ಬಿಳಿಯ ಹೂವು, ದಕ್ಷಿಣಕ್ಕೆ ಕೆಂಪು, ಪಶ್ಚಿಮಕ್ಕೆ ಹಳದಿ, ಉತ್ತರಕ್ಕೆ ನೀಲಿ ಅಥವಾ ಹಸುರು. ನಮ್ಮ ಮನೆಯವರು ಎರಡನೆಯ ದಿನವೇ ಆಕೆಯ ಪಕ್ಕದಲ್ಲಿ ಕುಳಿತು ಗರಿ ಹೆಣೆಯತೊಡಗಿದರು. ಒಬ್ಬರ ಮಾತು ಒಬ್ಬರಿಗೆ ತಿಳಿಯದು. ಆದರೂ ಇಬ್ಬರೂ ತಮ್ಮ ತಮ್ಮ ಭಾಷೆಯಲ್ಲಿ ಎಡೆಬಿಡದೆ ಮಾತನಾಡುತ್ತಿದ್ದರು.

ಉಬುದಿನ ಅರಮನೆಯ ಅಂಗಳದಲ್ಲಿ ಸಂಜೆ ಏಳೂವರೆಗೆ ನಾಟ್ಯ. ಟಿಕೀಟು ಕೊಂಡು ಕುರ್ಚಿಯಲ್ಲಿ ಕುಳಿತೆವು. ಗಾಮೆಲಾನ್ ಎಂಬ ವಾದ್ಯವೃಂದವು ಒಮ್ಮೆಲೆ ಮೊಳಗಿದಾಗ ನಾವು ನಿಜವಾಗಿಯೂ ಬೆಚ್ಚಿದೆವು. ಕಂಚಿನ ಪಟ್ಟಿಗಳನ್ನು ಸುತ್ತಿಗೆಯಿಂದ ಬಡಿಯುವವರು ಇಪ್ಪತ್ತಕ್ಕೂ ಹೆಚ್ಚು ಮಂದಿ. ನಡುವೆ ಮದ್ದಳೆಯಂತಹ ಎರಡು ಚರ್ಮವಾದ್ಯಗಳು, ಹಿಂದೆ ದೊಡ್ಡ ಜಾಗಟೆ. ಪ್ರತಿಯೊಂದು ವಾದ್ಯಕ್ಕೂ ಒಂದು ಜೊತೆಯುಂಟು. ಜೊತೆಯ ಎರಡನ್ನೂ ಒಂದೇ ಶ್ರುತಿಗೆ ಕೂಡಿಸದೆ ಬೇಕೆಂದೇ ಒಂದನ್ನು ಕೂದಲೆಳೆಯಷ್ಟು ಏರಿಸಿರುವರು. ಎರಡನ್ನೂ ಕೂಡಿ ಬಾರಿಸಿದಾಗ ನಾದವು ನಡುಗುವುದು. ಆ ನಡುಕಕ್ಕೆ ಅವರು ‘ಒಂಬಾಕ್’, ಎಂದರೆ ಅಲೆ, ಎನ್ನುವರು. ತಂಬೂರಿಯ ಶ್ರುತಿಗೆ ಒಗ್ಗಿದ ನಮ್ಮ ಕಿವಿಗೆ ಮೊದಲ ದಿನ ಅದು ಅಪಶ್ರುತಿಯಾಗಿ ಕೇಳಿಸಿತು. ನಾಲ್ಕನೆಯ ದಿನ, ಅದಿಲ್ಲದ ನಾದವು ಸತ್ತಂತೆ ಕೇಳಿಸಿತು. ಹತ್ತು ಹನ್ನೆರಡು ವಯಸ್ಸಿನ ಹೆಣ್ಣು ಮಕ್ಕಳು ಲೆಗೊಂಗ್ ಎಂಬ ನಾಟ್ಯವನ್ನಾಡಿದರು. ಮುಖದಲ್ಲಿ ನಗೆಯಿಲ್ಲ, ಕಣ್ಣು, ಕತ್ತು, ಬೆರಳ ತುದಿ ಮಾತ್ರ ತಾಳದ ಒಂದೊಂದು ಪೆಟ್ಟಿಗೂ ಮಿಂಚುವುವು.

ಇಂತಹ ಪ್ರದರ್ಶನಗಳನ್ನು ಪ್ರವಾಸಿಗಳ ದುಡ್ಡಿಗಾಗಿ ಕತ್ತರಿಸಿ ಇಟ್ಟುದು ಎಂದು ಹಳಿಯುವವರುಂಟು. ನಾವೂ ಮೊದಲು ಹಾಗೆಯೇ ಅಂದುಕೊಂಡೆವು. ಆದರೆ ವಿಚಾರಿಸಿದಾಗ, ಟಿಕೀಟಿನ ಹಣದಿಂದಲೇ ಮೇಳದವರು ವಾದ್ಯ ವಸ್ತ್ರಗಳನ್ನು ಕೊಳ್ಳುವರೆಂದೂ, ಅದೇ ಮಕ್ಕಳು ದೇವಾಲಯದ ಉತ್ಸವದಲ್ಲಿ ಕೂಲಿಯಿಲ್ಲದೆ ಕುಣಿಯುವರೆಂದೂ ತಿಳಿಯಿತು. ಬಾಲಿಯವರು ಈ ಗೊಂದಲವನ್ನು ತಾವೇ ಯೋಚಿಸಿ, ೧೯೭೧ರಲ್ಲಿ ವಿದ್ವಾಂಸರನ್ನೂ ಕಲಾವಿದರನ್ನೂ ಕೂಡಿಸಿ ಒಂದು ಮೇರೆಯನ್ನು ಹಾಕಿದರು: ದೇವರ ಸನ್ನಿಧಿಯಲ್ಲಿ ಮಾತ್ರ ಆಡತಕ್ಕದ್ದು ‘ವಲಿ’, ಉತ್ಸವಕ್ಕೆ ಒಡನಾಡಿಯಾದುದು ‘ಬೆಬಲಿ’, ನೋಡುವವರ ಸಂತೋಷಕ್ಕೆ ಎಲ್ಲಿಯಾದರೂ ಆಡಬಹುದಾದುದು ‘ಬಲಿಹ್-ಬಲಿಹನ್’. ಈ ಮೂರು ಬಗೆಯ ನೃತ್ಯಗಳನ್ನೂ ೨೦೧೫ರಲ್ಲಿ ಯುನೆಸ್ಕೋ ಸಂಸ್ಥೆಯು ಮಾನವಕುಲದ ಪರಂಪರೆಯ ಪಟ್ಟಿಯಲ್ಲಿ ಸೇರಿಸಿತು. ದೆನ್‌ಪಸಾರ್ ನಗರದಲ್ಲಿ ಜೂನ್ ಜುಲೈ ತಿಂಗಳುಗಳಲ್ಲಿ ನಡೆಯುವ ದೊಡ್ಡ ಕಲೋತ್ಸವವನ್ನು ೧೯೭೯ರಲ್ಲಿ ಆರಂಭಿಸಿದವರು ಆಗಿನ ರಾಜ್ಯಪಾಲರಾದ ಇದಾ ಬಾಗುಸ್ ಮಂತ್ರರು. ಅವರು ನಮ್ಮ ಶಾಂತಿನಿಕೇತನದಲ್ಲಿ ಓದಿದವರು. ಅದನ್ನು ನೋಡಬೇಕೆನ್ನುವವರು ನಮ್ಮಂತೆ ಮಾರ್ಚಿಯಲ್ಲಿ ಹೋಗಬಾರದು.

ದ್ವೀಪದ ದಕ್ಷಿಣದ ತುದಿಯಲ್ಲಿ ಉಲುವಾತು ಎಂಬ ದೇವಾಲಯ. ಸಮುದ್ರದಿಂದ ನೆಟ್ಟಗೆ ಎದ್ದ ಸುಮಾರು ಎಪ್ಪತ್ತು ಮೀಟರು ಎತ್ತರದ ಬಂಡೆಯ ನೆತ್ತಿಯ ಮೇಲೆ ಅದು ನಿಂತಿರುವುದು. ಅಲ್ಲಿ ಸೂರ್ಯಾಸ್ತದ ವೇಳೆಗೆ ಕೆಚಾಕ್ ಎಂಬ ರಾಮಾಯಣದ ಆಟ. ವಾದ್ಯವೊಂದೂ ಇಲ್ಲ. ಚೌಕುಳಿ ಬಟ್ಟೆಯುಟ್ಟ ಬರಿಮೈಯ ಐವತ್ತು ಅರುವತ್ತು ಗಂಡಸರು ದೀಪದ ಸುತ್ತ ಸುತ್ತುಸುತ್ತಾಗಿ ಕುಳಿತು “ಚಕ್ ಚಕ್ ಚಕ್” ಎಂದು ಒಬ್ಬರ ತಾಳದ ನಡುವೆ ಇನ್ನೊಬ್ಬರ ತಾಳವನ್ನು ಹೆಣೆಯುವರು. ಅವರೇ ಕಪಿಸೇನೆ, ಅವರೇ ಕಡಲು, ಅವರೇ ಗಾಳಿ. ಕೊನೆಯಲ್ಲಿ ಉರಿಯುವ ತೆಂಗಿನ ಸಿಪ್ಪೆಗಳನ್ನು ಹನುಮಂತನು ಬರಿಗಾಲಿನಿಂದ ಒದ್ದು ಹೊರಬರುವನು. ಇದು ರಾಮಾಯಣದಷ್ಟೇ ಪುರಾತನವೆಂದು ನಮ್ಮ ಹಿಂದೆ ಕುಳಿತಿದ್ದ ಒಬ್ಬ ಸಜ್ಜನರು ತಮ್ಮ ಪತ್ನಿಗೆ ತಿಳಿಸುತ್ತಿದ್ದರು. ಅದು ಹಾಗಲ್ಲ. ರೋಗರುಜಿನಗಳು ಬಂದಾಗ ಆವೇಶ ಬರಿಸುವ ಸಂಘ್ಯಾಂಗ್ ಎಂಬ ಹಳೆಯ ವಿಧಿಯಲ್ಲಿ ಈ ಗಂಡಸರ ಕೂಗು ಇದ್ದಿತು. ೧೯೩೦ರ ದಶಕದಲ್ಲಿ ವಾಲ್ಟರ್ ಸ್ಪೀಸ್ ಎಂಬ ಜರ್ಮನ್ ಚಿತ್ರಕಾರನೂ ವಾಯಾನ್ ಲಿಂಬಾಕ್ ಎಂಬ ನರ್ತಕನೂ ಅದಕ್ಕೆ ರಾಮಕಥೆಯನ್ನು ಕೂಡಿಸಿ ಆಟವನ್ನಾಗಿ ಕಟ್ಟಿದರು. ವಯಸ್ಸು ನೂರು ತುಂಬದಿದ್ದರೂ ಅದರ ಗಾಂಭೀರ್ಯಕ್ಕೆ ಕೊರತೆಯಿಲ್ಲ. ಉಲುವಾತುವಿನಲ್ಲಿ ನಿಜವಾದ ಕಪಿಗಳೂ ಇವೆ; ಅವು ಕನ್ನಡಕಗಳನ್ನು ಕಸಿದು, ಹಣ್ಣು ಕೊಟ್ಟ ಹೊರತು ಹಿಂದಕ್ಕೆ ಕೊಡವು. ಮಗನು ಎಚ್ಚರಿಸಿ ನಮ್ಮ ಕನ್ನಡಕವನ್ನು ಜೇಬಿಗೆ ಹಾಕಿಸಿದ್ದುದರಿಂದ, ಆ ಪ್ರಸಿದ್ಧವಾದ ದೇವಾಲಯವನ್ನು ನಾವು ಮಸುಕಾಗಿ ಮಾತ್ರ ನೋಡಿದೆವೆಂದು ಒಪ್ಪಿಕೊಳ್ಳಬೇಕು.

ಬತುಬುಲಾನ್ ಗ್ರಾಮದಲ್ಲಿ ಬೆಳಗಿನ ಹೊತ್ತು ಬಾರೊಂಗ್ ಆಟವಾಗುವುದು. ಸಿಂಹದಂತಹ ಬಾರೊಂಗ್ ರಕ್ಷಕ. ಜೋಲುನಾಲಗೆಯ ರಂಗ್ಡಾ ಮಾರಕಿ. ಕಥೆಯಲ್ಲಿ ಕುಂತಿಯು ಸಹದೇವನನ್ನು ಬಲಿ ಕೊಡುತ್ತೇನೆಂದು ಮಾತು ಕೊಟ್ಟಿರುತ್ತಾಳೆ. ಶಿವನು ಬಂದು ಅವನಿಗೆ ಸಾವಿಲ್ಲದಂತೆ ವರ ಕೊಡುತ್ತಾನೆ. ವ್ಯಾಸಭಾರತದಲ್ಲಿ ಇಂತಹ ಕಥೆಯಿಲ್ಲವೆಂದು ನಾವು ಮೊಮ್ಮಗನಿಗೆ ಹೇಳಿದೆವು. ಅವನು ಸ್ವಲ್ಪವೂ ಕಳವಳಪಡದೆ, “ಹಾಗಾದರೆ ವ್ಯಾಸರು ಇದನ್ನು ಮರೆತಿರಬೇಕು” ಎಂದನು.

ಆದರೆ ಹತ್ತು ದಿನಗಳಲ್ಲಿ ನಾವು ಕಂಡ ಆಟಗಳಲ್ಲಿ ಹೃದಯದಲ್ಲಿ ನಿಂತುದು ಟಿಕೀಟಿಲ್ಲದ ಒಂದು ಆಟ. ನೆರೆಯ ಹಳ್ಳಿಯ ದೇವಾಲಯದಲ್ಲಿ ಒಡಲಾನ್ ನಡೆದಿತ್ತು. ದೇವಾಲಯದ ಹುಟ್ಟುಹಬ್ಬವೇ ಒಡಲಾನ್. ಬಹುತೇಕ ಕಡೆಗಳಲ್ಲಿ ಅದು ವರ್ಷಕ್ಕೊಮ್ಮೆಯಲ್ಲ, ಇನ್ನೂರ ಹತ್ತು ದಿನಗಳಿಗೊಮ್ಮೆ ಬರುವುದು. ಆ ಜನರು ಎರಡು ಪಂಚಾಂಗಗಳನ್ನು ಇಟ್ಟುಕೊಂಡಿರುವರು: ಇನ್ನೂರ ಹತ್ತು ದಿನಗಳ ಪವುಕೋನ್ ಒಂದು, ನಮ್ಮ ಶಾಲಿವಾಹನ ಶಕೆಯಂತಹ ಶಕವರ್ಷ ಇನ್ನೊಂದು. ಸೊಂಟಕ್ಕೆ ಪಂಚೆಯಂತಹ ಕಾಮೆನ್ ಸುತ್ತಿ, ಅದರ ಮೇಲೆ ನಡುಪಟ್ಟಿ ಕಟ್ಟಿದವರಿಗೆ ಒಳಗೆ ಪ್ರವೇಶ. ರಾತ್ರಿ ಹತ್ತರ ವೇಳೆಗೆ ವಾಯಾಂಗ್ ಕುಲಿತ್, ಅಂದರೆ ತೊಗಲುಗೊಂಬೆಯಾಟವು ಆರಂಭವಾಯಿತು.

ಬಿಳಿಯ ಪರದೆ. ಅದರ ಹಿಂದೆ ತೂಗುಹಾಕಿದ ಕೊಬ್ಬರಿ ಎಣ್ಣೆಯ ದೀಪ. ಪರದೆಯ ಬುಡದಲ್ಲಿ ಅಡ್ಡಲಾಗಿ ಬಾಳೆಯ ದಿಂಡು. ಗೊಂಬೆಗಳ ಕಡ್ಡಿಯನ್ನು ಅದರಲ್ಲಿ ಚುಚ್ಚಿ ನಿಲ್ಲಿಸುವರು. ಸೂತ್ರಧಾರನಾದ ದಲಾಂಗನು ಎಲ್ಲ ಗೊಂಬೆಗಳನ್ನೂ ತಾನೊಬ್ಬನೇ ಆಡಿಸಿ, ಎಲ್ಲರ ಮಾತನ್ನೂ ತಾನೇ ಆಡಿ, ಸಾಲದುದಕ್ಕೆ ಕಾಲ್ಬೆರಳುಗಳ ನಡುವೆ ಹಿಡಿದ ಕೊರಡಿನಿಂದ ಪೆಟ್ಟಿಗೆಯನ್ನು ಬಡಿದು ತಾಳವನ್ನೂ ಕೊಡುವನು. ಅವನ ಹಿಂದೆ ನಾಲ್ವರು ಕಂಚಿನ ವಾದ್ಯಗಳನ್ನು ಮೆಲ್ಲನೆ ನುಡಿಸುತ್ತಿದ್ದರು. ಕರ್ನಾಟಕದ ತೊಗಲುಗೊಂಬೆಗಳು ಬಣ್ಣದ ಗಾಜಿನಂತೆ ಹೊಳೆಯುವುವು. ಇವು ಬರಿಯ ನೆರಳು, ಕೆತ್ತನೆಯ ರಂಧ್ರಗಳಲ್ಲಿ ಮಾತ್ರ ಬೆಳಕು. ಮೊದಲು ವೃಕ್ಷದ ಆಕಾರದ ಕಾಯೋನ್ ಎಂಬ ಗೊಂಬೆಯು ಪರದೆಯ ತುಂಬ ಸುತ್ತಿ ಸುತ್ತಿ ನಲಿಯಿತು. ಬಳಿಕ ಒಬ್ಬ ತಪಸ್ವಿ. ಸುತ್ತ ಅಪ್ಸರೆಯರು. ಕಥೆ ಯಾವುದೆಂದು ನಮಗೆ ಹೊಳೆಯಲಿಲ್ಲ. ಆಮೇಲೆ ಒಂದು ಹಂದಿಯು ನುಗ್ಗಿತು. ಎರಡು ದಿಕ್ಕುಗಳಿಂದ ಎರಡು ಬಾಣಗಳು ಬಂದು ಅದಕ್ಕೆ ನಾಟಿದುವು. ಇನ್ನೊಂದು ಕಡೆಯಿಂದ ಬೇಡನೊಬ್ಬನು ಹೊರಟನು. ನಾವು ನಮ್ಮನ್ನು ಮರೆತು “ಕಿರಾತ!” ಎಂದು ಗಟ್ಟಿಯಾಗಿ ಕೂಗಿಬಿಟ್ಟೆವು. ಮುಂದೆ ಕುಳಿತಿದ್ದ ಮುದುಕನೊಬ್ಬನು ತಿರುಗಿ ನೋಡಿ, ಹಲ್ಲಿಲ್ಲದ ಬಾಯಿಂದ ನಕ್ಕು, “ಅರ್ಜುನ ವಿವಾಹ” ಎಂದನು.

ಹನ್ನೊಂದನೆಯ ಶತಮಾನದಲ್ಲಿ ಐರ್ಲಂಗ ರಾಜನ ಆಶ್ರಯದಲ್ಲಿ ಮ್ಪು ಕಣ್ವನೆಂಬ ಕವಿಯು ಪ್ರಾಚೀನ ಜಾವಾ ಭಾಷೆಯಲ್ಲಿ, ಸಂಸ್ಕೃತದ ಛಂದಸ್ಸುಗಳಲ್ಲಿ ರಚಿಸಿದ ಕಾವ್ಯ ಅದು. ಆ ಭಾಷೆಯ ರಾಮಾಯಣಕ್ಕೆ ಮೂಲವು ವಾಲ್ಮೀಕಿಯದಲ್ಲ, ವ್ಯಾಕರಣವನ್ನು ಕಲಿಸುವುದಕ್ಕಾಗಿ ರಚಿತವಾದ ಭಟ್ಟಿಕಾವ್ಯವು! ನಮ್ಮ ಶಾಲೆಯ ಹುಡುಗರು ಹೆಸರು ಕೇಳಿದೊಡನೆ ಆಕಳಿಸುತ್ತಿದ್ದ ಆ ಕಾವ್ಯವು ಸಮುದ್ರವನ್ನು ದಾಟಿ ಒಂದು ದೇಶದ ಸಾಹಿತ್ಯಕ್ಕೆ ಅಡಿಗಲ್ಲಾಯಿತೆಂಬುದನ್ನು ಅವರಿಗೆ ಆಗಲೇ ಹೇಳದೆ ಹೋದೆವಲ್ಲ ಎಂದು ಅನಿಸಿತು.

ಆಟದಲ್ಲಿ ರಾಜರೂ ದೇವತೆಗಳೂ ಕವಿ ಎಂದು ಕರೆಯುವ ಆ ಹಳೆಯ ಭಾಷೆಯಲ್ಲಿಯೇ ಮಾತನಾಡುವರು. ಅದು ನೆರೆದ ಜನಕ್ಕೆ ಪೂರ್ತಿಯಾಗಿ ತಿಳಿಯದು. ಅದಕ್ಕಾಗಿ ತ್ವಾಲೆನ್, ಮೆರ್ದಹ್ ಎಂಬ ಸೇವಕರು ಒಂದೊಂದು ಮಾತನ್ನೂ ಮನೆಮಾತಿಗೆ ತಿರುಗಿಸಿ, ನಡುನಡುವೆ ತಮ್ಮ ಹಾಸ್ಯವನ್ನು ಬೆರೆಸುವರು. ಡೊಳ್ಳುಹೊಟ್ಟೆಯ ತ್ವಾಲೆನ್ ಏನೋ ಹೇಳಿದನು. ಮಕ್ಕಳೂ ಮುದುಕರೂ ಬಿದ್ದು ಬಿದ್ದು ನಕ್ಕರು. ಏನೆಂದು ಕೇಳಿದರೆ ಮೊಮ್ಮಗನು, “ಅರ್ಜುನನ ತಪಸ್ಸಿಗೆ ಅಡ್ಡಿಯಾಗಬಾರದೆಂದು ಅಪ್ಸರೆಯರು ತಮ್ಮ ಮೊಬೈಲುಗಳನ್ನು ಆರಿಸಬೇಕಂತೆ” ಎಂದನು. ಅನುವಾದಕರೆಲ್ಲರೂ ಹೀಗಿದ್ದರೆ ಸಂಸ್ಕೃತ ನಾಟಕಕ್ಕೆ ಜನವಿಲ್ಲವೆಂಬ ಗೋಳು ಇರುತ್ತಿರಲಿಲ್ಲ. ಮೊಮ್ಮಗನು ಇನ್ನೂ ಒಂದು ಸಂಗತಿಯನ್ನು ತಿಳಿಸಿದನು. ಹಗಲಿನಲ್ಲಿ ನಡೆಯುವ ವಾಯಾಂಗ್ ಲೆಮಹ್ ಎಂಬುದೊಂದುಂಟು. ಅದಕ್ಕೆ ಪರದೆಯಿಲ್ಲ, ಹಾಲುವಾಣದ ಎರಡು ಕೊಂಬೆಗಳನ್ನು ನೆಟ್ಟು ನಡುವೆ ಬಿಳಿಯ ನೂಲನ್ನು ಕಟ್ಟಿದರೆ ಅದೇ ಪರದೆ. ನೋಡಲು ಮನುಷ್ಯರು ಕುಳಿತಿರಲಿ ಬಿಡಲಿ, ಆಟವು ನಡೆಯುವುದು, ಅದು ದೇವತೆಗಳಿಗಾಗಿ.

ಸಿಂಗರಾಜ ಪಟ್ಟಣದ ಗೆದೊಂಗ್ ಕೀರ್ತಿಯ ಎಂಬ ತಾಳೆಗರಿ ಭಂಡಾರಕ್ಕೂ ಹೋಗಿದ್ದೆವು. ೧೯೨೮ರಲ್ಲಿ ತೆರೆದ ಆ ಭಂಡಾರದ ವಿಷಯವನ್ನು ಬರೆಯಹೊರಟರೆ ಸಂಪಾದಕರು ಕತ್ತರಿಯನ್ನು ಹಿಡಿಯುವರು. ಗರಿಗೆ ಅಲ್ಲಿ ‘ಲೊಂತಾರ್’ ಎನ್ನುವರು. ನಮ್ಮ ‘ತಾಲ’ ಶಬ್ದವೇ ಅದರಲ್ಲಿ ಹೊರಳಿ ಕುಳಿತಿರುವುದು. ಸರಸ್ವತಿಯ ಹಬ್ಬದ ದಿನ ಪುಸ್ತಕಗಳಿಗೆ ಪೂಜೆ ಮಾಡಿ, ಅಂದು ಯಾರೂ ಓದಬಾರದಂತೆ. ನವರಾತ್ರಿಯಲ್ಲಿ ಪುಸ್ತಕವನ್ನು ಪೂಜೆಗಿಟ್ಟು ಆಟಕ್ಕೆ ಓಡುತ್ತಿದ್ದ ನಮ್ಮ ಬಾಲ್ಯವು ನೆನಪಾಯಿತು.

ಇನ್ನು ಹಬ್ಬದ ಮಾತು. ೧೯ನೆಯ ಭಾನುವಾರ ಹಳ್ಳಿಯ ಜನರೆಲ್ಲ ಬಿಳಿಯ ಉಡುಪನ್ನು ಧರಿಸಿ, ದೇವಾಲಯದ ಪವಿತ್ರವಸ್ತುಗಳನ್ನು ತಲೆಯ ಮೇಲೆ ಹೊತ್ತು, ಗಾಮೆಲಾನಿನ ಮೇಳದೊಡನೆ ಸಮುದ್ರತೀರಕ್ಕೆ ಹೊರಟರು. ಶುದ್ಧೀಕರಣದ ಈ ಯಾತ್ರೆಗೆ ಮೆಲಸ್ತಿ ಎಂದು ಹೆಸರು. ಹಿಂದಿರುಗಿದ ಸಂಜೆ ನಮ್ಮ ಮನೆಯವರು ಮೊಮ್ಮಗನನ್ನು ಕರೆದು, ಬುಧವಾರ ನಮ್ಮ ಸಂವತ್ಸರದ ಮೊದಲ ದಿನವೆಂದೂ, ಬೆಳಗ್ಗೆ ಎಣ್ಣೆನೀರು ಹಾಕಿಕೊಂಡು ದೇವರ ಮುಂದೆ ದೀಪ ಹಚ್ಚಬೇಕೆಂದೂ, ಅದು ಸಂಜೆಯವರೆಗೆ ಉರಿಯುತ್ತಿರಬೇಕೆಂದೂ ಅಜ್ಜಿಗೆ ತಿಳಿಸುವಂತೆ ಹೇಳಿದರು.

ಅಜ್ಜಿಯ ಮುಖವು ಬಾಡಿತು. ಅವರಿಗೂ ಬುಧವಾರವೇ ವರ್ಷಾರಂಭ, ಶಕವರ್ಷ ೧೯೪೫. ನಮ್ಮ ಪಂಚಾಂಗದಲ್ಲಿಯೂ ಅದೇ ಸಂಖ್ಯೆ! ಎಲ್ಲ ವರ್ಷಗಳಲ್ಲಿ ಎರಡೂ ಒಂದೇ ದಿನ ಬರುವುದಿಲ್ಲ, ಆ ವರ್ಷ ಬಂದಿತು. ಆದರೆ ನಾವು ದೀಪ ಹಚ್ಚಿ ವರ್ಷವನ್ನು ಬರಮಾಡಿಕೊಳ್ಳುವೆವು. ಅವರು ದೀಪವನ್ನು ನಂದಿಸಿ. ಅದೇ ಞೆಪಿ, ಮೌನದ ದಿನ. ಬೆಳಗಿನ ಆರರಿಂದ ಮರುದಿನ ಬೆಳಗಿನ ಆರರವರೆಗೆ ನಾಲ್ಕು ನಿಷೇಧಗಳು: ಬೆಂಕಿ ಬೆಳಕು ಕೂಡದು, ಕೆಲಸ ಕೂಡದು, ಸಂಚಾರ ಕೂಡದು, ವಿನೋದ ಕೂಡದು. ‘ಅಮತಿ ಗೆನಿ’, ‘ಅಮತಿ ಕಾರ್ಯ’ ಎಂದು ಅಜ್ಜಿಯು ಬೆರಳು ಮಡಿಸಿ ಹೇಳಿದಾಗ, ಗೆನಿಯೆಂದರೆ ಅಗ್ನಿಯೆಂದು ನಮಗೆ ಹೊಳೆದು ಸಂತೋಷವಾಯಿತು. ಮನೆಯವರ ಮುಖವನ್ನು ನೋಡಿ ಆ ಸಂತೋಷವನ್ನು ನುಂಗಿಕೊಂಡೆವು. ಅಂದು ವಿಮಾನಗಳು ಸಹ ಇಳಿಯಲಾರವು. ೨೦೧೮ರಿಂದ ಮೊಬೈಲಿನ ಅಂತರಜಾಲವನ್ನೂ ನಿಲ್ಲಿಸುವರು. ಹಿಂದಿನ ರಾತ್ರಿ ಎಬ್ಬಿಸಿ ಅಟ್ಟಿದ ಭೂತಗಳು, ದ್ವೀಪದಲ್ಲಿ ಬೆಳಕೂ ಸದ್ದೂ ಇಲ್ಲದ್ದನ್ನು ಕಂಡು, ಇಲ್ಲಿ ಯಾರೂ ಇಲ್ಲವೆಂದು ತಿಳಿದು ಹೊರಟುಹೋಗುವುವೆಂದು ಅವರ ನಂಬಿಕೆ.

ಆ ರಾತ್ರಿ ನಮ್ಮ ಮನೆಯವರು ಊಟ ಸರಿಯಾಗಿ ಮಾಡಲಿಲ್ಲ. “ಅವರ ಮನೆಯಲ್ಲಿದ್ದುಕೊಂಡು ಅವರ ವ್ರತವನ್ನು ಕೆಡಿಸುವುದುಂಟೆ? ಅದು ನನಗೂ ತಿಳಿಯುತ್ತದೆ. ಆದರೆ ನಿಮ್ಮ ಮನೆಗೆ ಬಂದ ಮೇಲೆ ಒಂದು ಯುಗಾದಿಯೂ ದೀಪವಿಲ್ಲದೆ ಕಳೆದದ್ದಿಲ್ಲ. ಅತ್ತೆಯವರು ಹೋದ ವರ್ಷ ಸೂತಕದಲ್ಲಿಯೂ ನೆರೆಮನೆಯವರಿಂದ ಹಚ್ಚಿಸಿದೆ” ಎಂದರು. ನಾವು ದೇಶಾಚಾರ, ಆಪದ್ಧರ್ಮ ಎಂದು ಎರಡು ಮಾತು ಆರಂಭಿಸಿದೆವು. ಅವರು ತಡೆದು, “ಶಾಸ್ತ್ರ ಹೇಳಿ ಎಂದು ನಾನು ಕೇಳಲಿಲ್ಲ. ದೀಪ ಯಾವಾಗ ಹಚ್ಚಲಿ, ಅದನ್ನು ಹೇಳಿ” ಎಂದರು.

‘ಯಾವಾಗ’ ಎಂಬ ಆ ಮಾತಿನಿಂದಲೇ ದಾರಿ ಕಂಡಿತು. ಪಂಚಾಂಗವನ್ನು ತೆಗೆದೆವು. ಮಂಗಳವಾರ ಅಮಾವಾಸ್ಯೆಯು ನಮ್ಮ ದೇಶದ ಗಡಿಯಾರದಂತೆ ರಾತ್ರಿ ಹನ್ನೊಂದಕ್ಕೆ ಸ್ವಲ್ಪ ಮುಂಚೆ ಮುಗಿಯುವುದು. ಬಾಲಿಯ ಗಡಿಯಾರವು ಎರಡೂವರೆ ಗಂಟೆ ಮುಂದೆ. ಅಲ್ಲಿಗೆ ರಾತ್ರಿ ಒಂದೂವರೆಯ ಒಳಗಾಗಿ ಪಾಡ್ಯವು ಬಂದಾಯಿತು. ಅವರ ವ್ರತವು ಆರಂಭವಾಗುವುದು ಆರು ಗಂಟೆಗೆ. ನಡುವೆ ನಾಲ್ಕೂವರೆ ಗಂಟೆಗಳ ಕಾಲ ನಮ್ಮ ಯುಗಾದಿಯು ಬಂದಿರುವುದು, ಅವರ ಞೆಪಿಯು ಇನ್ನೂ ಬಂದಿರದು. ಮೂವತ್ತೈದು ವರ್ಷಗಳ ನಮ್ಮ ಪಾಂಡಿತ್ಯವು ಸಂಸಾರಕ್ಕೆ ಉಪಯೋಗಕ್ಕೆ ಬಂದುದು ಅದೇ ಮೊದಲು. ಅಜ್ಜಿಯು ಕೇಳಿ, ಸ್ವಲ್ಪ ಯೋ��ಿಸಿ, ಆರರೊಳಗೆ ಆಗಬಹುದೆಂದು ತಲೆಯಾಡಿಸಿದಳು.

ಮಂಗಳವಾರ ಸಂಜೆ ಊರಿಗೆ ಊರೇ ಬೀದಿಯಲ್ಲಿತ್ತು. ಯುವಕರು ಬಿದಿರು, ಕಾಗದಗಳಿಂದ ತಿಂಗಳುಗಟ್ಟಲೆ ಕುಳಿತು ಕಟ್ಟಿದ ಎರಡಾಳು ಮೂರಾಳು ಎತ್ತರದ ರಾಕ್ಷಸರು, ಓಗೊಹ್-ಓಗೊಹ್ ಎಂಬುವು, ಬಿದಿರಿನ ಚೌಕಟ್ಟಿನ ಮೇಲೆ ಹತ್ತಾರು ಹೆಗಲುಗಳೇರಿ ಹೊರಟುವು. ಕೂಡುದಾರಿಗೆ ಬಂದಾಗ ದಿಕ್ಕು ತಪ್ಪಲೆಂದು ಅವುಗಳನ್ನು ಗಿರ್ರನೆ ಮೂರು ಸುತ್ತು ತಿರುಗಿಸುವರು. ಈ ಮೆರವಣಿಗೆಯು ದ್ವೀಪದ ತುಂಬ ಹರಡಿದುದು ೧೯೮೦ರ ದಶಕದಲ್ಲಿ; ೨೦೨೦ರಲ್ಲಿ ಮಹಾಮಾರಿಯ ದೆಸೆಯಿಂದ ನಿಂತಿತ್ತು. ಮನೆಯೊಳಗೂ ಸದ್ದು ಮಾಡಿ ಭೂತಗಳನ್ನು ಅಟ್ಟಬೇಕು. ಅಜ್ಜಿಯು ತೆಂಗಿನ ಗರಿಯ ಪಂಜನ್ನು ಹಿಡಿದು ಮುಂದೆ ನಡೆದಳು. ನಮ್ಮ ಮನೆಯವರ ಕೈಗೆ ಒಂದು ತಪ್ಪಲೆಯನ್ನೂ ಸೌಟನ್ನೂ ಕೊಟ್ಟಿದ್ದಳು. ಅವರು ಬಡಿದ ಬಡಿತಕ್ಕೆ ಬಾಲಿಯ ಭೂತಗಳಿರಲಿ, ನಾವೇ ಅಂಗಳಕ್ಕೆ ಓಡಿದೆವು.

ಬುಧವಾರ ನಾಲ್ಕು ಗಂಟೆಗೆ ಎದ್ದೆವು. ಎಣ್ಣೆನೀರಾಯಿತು. ಸಣ್ಣ ಮೇಜಿನ ಮೇಲೆ ರಂಗೋಲಿಯ ಎಳೆ, ಹಣತೆ, ಅಜ್ಜಿಯು ಹಿಂದಿನ ದಿನವೇ ತಂದಿಟ್ಟಿದ್ದ ಒಂದು ಚನಂಗ್. ಆರರೊಳಗೆ ತಾನಾಗಿ ಶಾಂತವಾಗುವಷ್ಟೇ ಎಣ್ಣೆಯನ್ನು ಮನೆಯವರು ಕಣ್ಣಳತೆಯಲ್ಲಿ ಹಾಕಿದ್ದರು. ದೀಪವನ್ನು ಕೈಯಾರೆ ಆರಿಸಬಾರದಷ್ಟೆ. ಬೇವುಬೆಲ್ಲವನ್ನು ತಿಂದೆವು. ಪಂಚಾಂಗ ಶ್ರವಣ ಮಾಡಿಸಿದೆವು. ಮಗನು ತಾಯಿತಂದೆಗೆ ನಮಸ್ಕರಿಸಿದನು. ಐದೂವರೆ ಆಯಿತು. ಐದೂ ಮುಕ್ಕಾಲಾಯಿತು. ದೀಪವು ನೆಟ್ಟಗೆ ಉರಿಯುತ್ತಿತ್ತು. ಹಣತೆಯೊಳಗೆ ಎಣ್ಣೆ ಇನ್ನೂ ಬೆರಳು ಅದ್ದುವಷ್ಟಿತ್ತು. ಸಣ್ಣ ಬತ್ತಿಯು ಎಣ್ಣೆಯನ್ನು ಕಡಿಮೆ ಹೀರುವುದೆಂಬುದನ್ನು ಅವಸರದಲ್ಲಿ ಮರೆತಿದ್ದರು. ಹೊರಗೆ ಬೀದಿಯಲ್ಲಿ ಚೌಕುಳಿ ಬಟ್ಟೆಯ ಪೆಚಲಾಂಗರ, ಎಂದರೆ ಊರಕಾವಲಿನವರ, ಹೆಜ್ಜೆಯ ಸದ್ದು ಕೇಳಿಸಿತು. ಮಗನು ಗಡಿಯಾರವನ್ನು ನೋಡಿದನು; ನಾವು ಕಿಟಕಿಯನ್ನು ನೋಡಿದೆವು. ಯಾರೂ ಮಾತನಾಡಲಿಲ್ಲ.

ಬಾಗಿಲ ಬಳಿ ಅಜ್ಜಿಯು ಬಂದು ನಿಂತಿದ್ದಳು. ಯಾವಾಗ ಬಂದಳೋ ತಿಳಿಯದು. ಆಕೆಯು ಒಳಗೆ ಬರಲಿಲ್ಲ, ಕೈ ಸನ್ನೆಯನ್ನೂ ಮಾಡಲಿಲ್ಲ. ದೀಪವನ್ನು ನೋಡುತ್ತ ಕೈಮುಗಿದು ನಿಂತಿದ್ದಳು. ನಮ್ಮ ಮನೆಯವರು ಆಕೆಯ ಮುಖವನ್ನು ಒಮ್ಮೆ ನೋಡಿದರು. ಬಳಿಕ ಚನಂಗಿನಿಂದ ಒಂದು ಬಿಳಿಯ ಹೂವನ್ನು ತೆಗೆದು, ಅದರ ಎಸಳಿನಿಂದ ಬತ್ತಿಯನ್ನು ಮೆಲ್ಲನೆ ಎಣ್ಣೆಯೊಳಕ್ಕೆ ಸರಿಸಿದರು. ಕೋಣೆ ಕತ್ತಲಾಯಿತು. ಆ ಕತ್ತಲಲ್ಲಿ ಅಜ್ಜಿಯು ಬಂದು ಅವರ ಪಕ್ಕದಲ್ಲಿ ನೆಲದ ಮೇಲೆ ಕುಳಿತು, ಅವರ ಕೈಯನ್ನು ಹಿಡಿದುಕೊಂಡಳು. ಬೆಳಗಾಗುವವರೆಗೆ ಹಾಗೆಯೇ ಕುಳಿತಿದ್ದರು.

ಆ ದಿನದ ಮೌನವನ್ನು ವರ್ಣಿಸುವುದು ಕಷ್ಟ. ವಾಹನವಿಲ್ಲ, ಯಂತ್ರವಿಲ್ಲ, ಆಕಾಶದಲ್ಲಿ ವಿಮಾನವಿಲ್ಲ. ಕೋಳಿಯೂ ಕಪ್ಪೆಯೂ ಮಾತ್ರ ವ್ರತದ ಹೊರಗೆ. ಹಿಂದಿನ ದಿನವೇ ಮಾಡಿಟ್ಟ ಅನ್ನ, ಹಣ್ಣು, ಎಳನೀರು ಆಹಾರ. ಮನೆಯವರಲ್ಲಿ ಕೆಲವರು ಅದನ್ನೂ ಮುಟ್ಟಲಿಲ್ಲ. ಓದೋಣವೆಂದರೆ ಸಂಜೆಯ ಬಳಿಕ ಬೆಳಕಿಲ್ಲ. ರಾತ್ರಿ ಎಲ್ಲರೂ ಅಂಗಳದಲ್ಲಿ ಚಾಪೆಯ ಮೇಲೆ ಮಲಗಿದೆವು. ಪಾಡ್ಯದ ರಾತ್ರಿ, ಚಂದ್ರನಿಲ್ಲ. ದ್ವೀಪದಲ್ಲಿ ಒಂದು ಹಣತೆಯೂ ಇಲ್ಲ. ಅಷ್ಟು ನಕ್ಷತ್ರಗಳನ್ನು ನಾವು ಬಾಲ್ಯದಲ್ಲಿ ಕಂಡಿದ್ದೆವೋ ಇಲ್ಲವೋ. ನಡುರಾತ್ರಿಗೆ ದಕ್ಷಿಣದಲ್ಲಿ ತ್ರಿಶಂಕುವು ನೆಟ್ಟಗೆ ನಿಂತಿದ್ದನು. ನಮ್ಮೂರಿನಲ್ಲಿ ತೋಟದ ಅಡಕೆಮರಗಳ ಮರೆಗೆ ಸಿಕ್ಕಿ ದಿಗಂತದಲ್ಲಿ ಬಾಗಿ ಕಾಣುವವನು, ಇಲ್ಲಿ ಎರಡರಷ್ಟು ಮೇಲೆ, ತನ್ನ ಸ್ವರ್ಗದಲ್ಲಿ ತಾನು ನೆಲೆಯಾದಂತೆ ಇದ್ದನು. ವಿಶ್ವಾಮಿತ್ರನ ಕಥೆಯನ್ನು ಮೊಮ್ಮಗನಿಗೆ ಪಿಸುಮಾತಿನಲ್ಲಿ ಹೇಳಿದೆವು. ಅವನು ಅಜ್ಜಿಗೆ ಪಿಸುಗುಟ್ಟಿದನು. ವಿನೋದ ನಿಷಿದ್ಧವಾದ ದಿನ ಕಥೆ ಹೇಳಿದುದು ತಪ್ಪೋ ಎಂದು ನಾವು ಅಂಜುತ್ತಿದ್ದಂತೆ, ಆಕೆಯು ಇನ್ನೊಮ್ಮೆ ಹೇಳಬೇಕೆಂದು ಕೇಳಿಕಳುಹಿಸಿದಳು.

ಮರುದಿನ ಆರು ಗಂಟೆಗೆ ಙೆಂಬಾಕ್ ಗೆನಿ, ಅಗ್ನಿಯು ಮತ್ತೆ ತೆರೆಯುವ ಹೊತ್ತು. ಅಜ್ಜಿಯು ತನ್ನ ಒಲೆಯನ್ನು ಹಚ್ಚುವ ಮೊದಲು ಬೆಂಕಿಪೆಟ್ಟಿಗೆಯನ್ನು ಹಿಡಿದು ನಮ್ಮ ಕೋಣೆಗೆ ಬಂದಳು. ನಮಗೆ ಅಂದು ವರ್ಷದ ತೊಡಕು. ಮನೆಯವರು ದೀಪ ಹಚ್ಚಿ, ಅದೇ ಒಲೆಯಲ್ಲಿ, ಅಲ್ಲಿಯ ತಾಳೆಬೆಲ್ಲವನ್ನೂ ತೆಂಗಿನ ತುರಿಯನ್ನೂ ಹೂರಣ ಮಾಡಿ ಕಾಯಿಹೋಳಿಗೆಗಳನ್ನು ಬೇಯಿಸಿದರು. ಅಜ್ಜಿಯು ಒಂದು ತುಣುಕನ್ನು ಬಾಯಿಗಿಟ್ಟುಕೊಂಡು, ನಕ್ಕು, ಮೊಮ್ಮಗನಿಗೆ ಏನೋ ಹೇಳಿದಳು. ತೆಂಗು ಬೆಲ್ಲಗಳ ಹೂರಣವಿಟ್ಟು ಸುರುಳಿ ಸುತ್ತುವ ದದಾರ್ ಎಂಬ ಭಕ್ಷ್ಯವು ಅವರಲ್ಲಿಯೂ ಉಂಟಂತೆ. ಇದು ಅದೇ ಆದರೂ ಮಾಡಿದವರಿಗೆ ಸುತ್ತುವುದಕ್ಕೆ ಬಂದಿಲ್ಲವೆಂದು ಆಕೆಯ ಅಭಿಪ್ರಾಯ. ನಮ್ಮ ಮನೆಯವರು ಲಟ್ಟಣಿಗೆಯಾಗಿದ್ದ ಸೀಸೆಯನ್ನು ಕೆಳಗಿಟ್ಟು, “ಹಾಗಾದರೆ ಅವರೇ ತೋರಿಸಲಿ” ಎಂದರು. ಇಬ್ಬರೂ ಒಲೆಯ ಮುಂದೆ ಕುಳಿತರು. ವಿಮಾನಕ್ಕೆ ಇನ್ನೂ ಒಂದು ದಿನವಿತ್ತು.